ಹಳೇ ಹಸಿರು

ಬಾಗಿಲು ತಳ್ಳಿದ ಪೇಂಟರ್ ಹೊಸ್ತಿಲಲ್ಲೇ ನಿಂತುಬಿಟ್ಟ. ತೊಟ್ಟಿಲು ಇಡಬೇಕಾದ ಕೋಣೆಯಲ್ಲಿ ಕಪಾಟಿನ ಹಳೇ ಬಣ್ಣವನ್ನು ಯಾರೋ ಮರ ಕಾಣುವಷ್ಟು ಉಜ್ಜಿದ್ದರು. ನೆಲದ ತುಂಬ ಹಸಿರು ಪುಡಿ.

"ಹೇಗಿದೆ ಅಪ್ಪಾ?" ಏಳು ತಿಂಗಳ ಬಸುರಿ ಮಗಳು ಸವೆದ ಎಮರಿ ಪೇಪರ್ ತೋರಿಸಿ ನಕ್ಕಳು. "ನಿನಗೆ ಭುಜ ನೋವಲ್ವಾ? ನೀನು ಹೊರಗೆ ಹೋದಾಗಲೆಲ್ಲ, ನಾಲ್ಕು ದಿನ ನಾನೇ ಉಜ್ಜಿದೆ. ಪುಡಿ ಮನೆಯೆಲ್ಲ ಹರಡಬಾರದು ಅಂತ ಕಿಟಕಿ, ಬಾಗಿಲು ಹಾಕ್ಕೊಂಡು."

"ಬಣ್ಣದ ಹತ್ತಿರ ಸುಳೀಬೇಡ ಅಂತ ಬಡ್ಕೊಂಡಿದ್ನಲ್ಲೇ!"

"ಹೊಸ ಬಣ್ಣದ ಡಬ್ಬ ತೆಗೆದ ಮೇಲೆ ಬರಬೇಡ ಅಂತ ತಾನೇ ನೀನು ಅಂದಿದ್ದು. ಇನ್ನೂ ತೆಗೆದೇ ಇಲ್ವಲ್ಲ."

ಬಸುರಿಗೆ ಆಗಿಬರುವಂಥದ್ದೇ ಬೇಕೆಂದು ಅಂಗಡಿ ಅಂಗಡಿ ಅಲೆದು ತಂದ ಹೊಸ ಡಬ್ಬ ಮೂಲೆಯಲ್ಲಿ ಹಾಗೇ ಕೂತಿತ್ತು. ಹಳೇ ಹಸಿರನ್ನು ಇವಳು ಹುಟ್ಟಿದ ವರ್ಷ ಅವನೇ ಬಳಿದಿದ್ದ. ಆ ಬಣ್ಣದಲ್ಲಿ ಸೀಸವಿತ್ತು. ಅದರ ಪುಡಿ ತಾಯಿಯ ಉಸಿರು ಹೊಕ್ಕರೆ ಹೊಟ್ಟೆಯ ಕೂಸಿಗೂ ವಿಷ ಎಂದು ಹೋದ ಹೋದ ಮನೆಯಲ್ಲೆಲ್ಲ ಹೇಳುತ್ತಿದ್ದವನು ತನ್ನ ಮನೆಯಲ್ಲಿ ಮಾತ್ರ ಹೇಳಿರಲಿಲ್ಲ.

"ಏನು ಗಟ್ಟಿ ಕೆಲಸ ಅಪ್ಪಾ ನಿಂದು!" ಮಗಳು ಹೊಟ್ಟೆಯ ಮೇಲಿನ ಹಸಿರನ್ನು ಕೊಡವಿಕೊಂಡಳು.

ಅವನು ಓಡಿಹೋಗಿ ಕಿಟಕಿ ತೆರೆದ. ಒಳಗೆ ನುಗ್ಗಿದ ಗಾಳಿ ನೆಲದ ಪುಡಿಯನ್ನೆಲ್ಲ ಎಬ್ಬಿಸಿ ಅವಳ ಮುಖಕ್ಕೇ ತಂದಿತು.