ಬಯಕೆಯ ಚಟ್ನಿ

ಕಾರಿನ ಡಿಕ್ಕಿಯಲ್ಲಿರುವ ಟಾಕಿಗೆ ತರಕಾರಿ ಸಿಪ್ಪೆ, ತಂಗಳು ಸುರಿದರೆ ಸಾಕು, ಅದೇ ಗ್ಯಾಸಾಗಿ ಎಲ್ಲರ ಕಾರೂ ಪುಕ್ಕಟೆ ಓಡುವ ಕಾಲ. ಶಿವಕ್ಕನ ಕಾರು ಮಾತ್ರ ಸದಾ ಅರೆಹೊಟ್ಟೆ. ಆಕೆ ಹೀರೇಕಾಯಿ ಸಿಪ್ಪೆಯನ್ನೂ ಬಿಡದೆ ಚಟ್ನಿ ರುಬ್ಬುವವಳು.

ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ತವರಿನ ಸೀರೆ ಹಿಡಿದು ಗದಗಕ್ಕೆ ಹೊರಟರೆ, ಅಣ್ಣಿಗೇರಿ ದಾಟಿದ್ದೇ ಕಾರು ನಿಂತಿತು.

"ಸಿಪ್ಪಿ ಎಲ್ಲಾ ನೀನ ರುಬ್ಬಿದ್ರ ಕಾರು ಏನ್ ತಿನ್ಬೇಕು?" ಗಂಡ ಫಕ್ಕೀರಪ್ಪ ರೇಗಿದ. "ಅಲ್ಲಿ ಸೀರಿಗೆ ಕಾಯಾಕತ್ತಾರ!"

ಮಗಳು ಬಯಸಿದ್ದ ಚಟ್ನಿಯ ಡಬ್ಬಿ ಶಿವಕ್ಕನ ಮಡಿಲಲ್ಲಿತ್ತು. ಒಮ್ಮೆ ಮೂಸಿ, ನಿಟ್ಟುಸಿರಿಟ್ಟು, ಟಾಕಿಗೆ ಸುರಿದಳು. ಕಾರು ಕೆಮ್ಮಿ ಓಡಿತು.

ಮಗಳು ಬಾಗಿಲಲ್ಲೇ ಕೇಳಿದಳು: "ಯವ್ವಾ, ಚಟ್ನಿ ತಂದಿಯೇನ?"

ಬೆಳ್ಳುಳ್ಳಿ ಒಗ್ಗರಣೆಯಂತೆ ಘಮಘಮಿಸುತ್ತಿದ್ದ ಕಾರಿನತ್ತ ಶಿವಕ್ಕ ಕೈ ತೋರಿದಳು.

"ನಾ ಚಟ್ನಿ ತರ್ಲಿಲ್ಲ ಮಗಳ, ಚಟ್ನೀನ ನನ್ನ ತಂತು!"