ಗೆದ್ದ ಕುದುರೆಗೆ ರೇಷ್ಮೆ ರಿಬ್ಬನ್

ನಾದಿನಿ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಆ ಕುದುರೆಗೆ ರೇಷ್ಮೆ ರಿಬ್ಬನ್ನಾ? ಮೈಮೇಲೆ ಪ್ರಜ್ಞೆ ಇದೆಯಾ ಅತ್ತಿಗೆ ನಿಮಗೆ?”

ಅತ್ತಿಗೆ ತಲೆ ಎತ್ತಲಿಲ್ಲ. ಸವಾರಿ ಕ್ಲಬ್ಬಿನ ಹಿಂಬದಿಯ ಕೋಣೆಯಲ್ಲಿ, ನಾಳಿನ ಕುದುರೆ ಪ್ರದರ್ಶನದ ಬಹುಮಾನಗಳ ನಡುವೆ ಕೂತು ನೀಲಿ ರೇಷ್ಮೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಹುಮಾನ ಆರಿಸುವುದು, ರಿಬ್ಬನ್ ಹೊಲಿಯುವುದು, ಗೆದ್ದ ಕುದುರೆಗೆ ಅದನ್ನು ಕಟ್ಟುವುದು, ಪ್ರತಿ ವರ್ಷವೂ ಅವಳದೇ ಕೆಲಸ. ಮೂರನೆಯವರಿಗೆ ಬ್ರಷ್ಷುಗಳ ಪೆಟ್ಟಿಗೆ, ಎರಡನೆಯವರಿಗೆ ಕುದುರೆಗೆ ಹೊದಿಸುವ ಕಂಬಳಿ. ಮೊದಲನೆಯವರಿಗೆ ಒಂದು ಹಿತ್ತಾಳೆ ಕಪ್ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಇವಳು ಹಟ ಹಿಡಿದು ಹೊಸ ಚರ್ಮದ ಜೀನು ತರಿಸಿದ್ದಳು.

ಮೊದಲ ಬಹುಮಾನ ಯಾರಿಗೆ ಹೋಗುತ್ತದೆಂದು ಕ್ಲಬ್ಬಿನ ನಾಯಿಗೂ ಗೊತ್ತಿತ್ತು. ಸಾಹುಕಾರನ ಕಂದು ಕುದುರೆಗೆ. ಅದನ್ನು ಪಳಗಿಸಿದವನು ಇವಳ ಗಂಡ, ಕ್ಲಬ್ಬಿನ ತರಬೇತುದಾರ. ಕಳೆದ ತಿಂಗಳು ಗೊರಸು ಕೆರೆಯಲು ಬಗ್ಗಿದ್ದಾಗ ಅವನ ಮಂಡಿಯನ್ನು ಒಂದೇ ಒದೆತಕ್ಕೆ ಪುಡಿ ಮಾಡಿದ್ದೂ ಅದೇ ಕುದುರೆ. ಲಾಯದಲ್ಲಿ ಆಗ ಇದ್ದವನು ಸಾಹುಕಾರ ಒಬ್ಬನೇ. ಒದೆಯುವ ಕುದುರೆಯೆಂದು ಗೊತ್ತಾದರೆ ಪ್ರದರ್ಶನಕ್ಕೆ ಸೇರಿಸುವುದಿಲ್ಲ. ಆ ಮಹಾಶಯ ಕಮಿಟಿಯ ಮುಂದೆ ಕಣ್ಣು ಪಿಳುಕಿಸದೆ ಹೇಳಿದ: “ನನ್ನ ಕುದುರೆ ಒದೆಯೋದೇ ಇಲ್ಲ. ಅವನೇ ಚಾವಟಿ ತಗೊಂಡು ಬಾರಿಸ್ತಿದ್ದ, ಕಾಲು ಜಾರಿ ಕಲ್ಲಿನ ಮೇಲೆ ಬಿದ್ದ.”

ಕಮಿಟಿ ನಂಬಿತು. ಕ್ಲಬ್ಬಿಗೆ ತನ್ನ ಮೈದಾನ ಬಿಟ್ಟುಕೊಟ್ಟವನ ಮಾತನ್ನು ನಂಬದೆ ಇನ್ಯಾರದನ್ನು ನಂಬುತ್ತಾರೆ! ತರಬೇತುದಾರನ ಕೆಲಸ ಹೋಯಿತು. ಕುದುರೆಗೆ ಹೊಡೆಯುವವನು ಎಂಬ ಹೆಸರು ಮಾತ್ರ ಮೆತ್ತಿಕೊಂಡಿತು. ಈಗ ಯಾವ ಲಾಯದವರೂ ಅವನನ್ನು ಬಾಗಿಲ ಹತ್ತಿರ ಸೇರಿಸುವುದಿಲ್ಲ.

“ಅಣ್ಣ ಮನೇಲಿ ಗೋಡೆ ನೋಡ್ಕೊಂಡು ಮಲಗಿದಾನೆ. ‘ನಾನು ಹೊಡೆದಿಲ್ಲ ಕಣೇ’ ಅಂತ ದಿನಾ ನನ್ನ ಹತ್ರ ಗೋಗರೀತಾನೆ. ನೀವಿಲ್ಲಿ ಅವನ ಕಾಲು ಮುರಿದ ಪ್ರಾಣಿಗೆ ಸಿಂಗಾರ ಮಾಡ್ತಿದೀರಿ. ನಾಚಿಕೆ ಆಗಲ್ವಾ?”

“ಸಲ್ಲಬೇಕಾದ್ದು ಸಲ್ಲಬೇಕು ಕಣೇ,” ಎಂದು ಅತ್ತಿಗೆ ರೇಷ್ಮೆಯನ್ನು ಕತ್ತರಿಸಿದಳು.

“ಕಿವಿ ಪಕ್ಕ ಸಿಕ್ಕಿಸೋ ರಿಬ್ಬನ್ನಿಗೆ ಮಾರುದ್ದ ಯಾಕೆ?”

“ಎಲ್ಲರಿಗೂ ಕಾಣಲಿ ಅಂತ.”

ಅಷ್ಟರಲ್ಲಿ ಸಾಹುಕಾರನೇ ಒಳಗೆ ಬಂದ. ಜೀನನ್ನು ತನ್ನದೇ ಎಂಬಂತೆ ಎತ್ತಿ, ಸವರಿ, ಮೂಸಿ ನೋಡಿದ. “ಪರವಾಗಿಲ್ಲಮ್ಮ, ನಿನ್ನ ಗಂಡನಿಗಿಲ್ಲದ ಬುದ್ಧಿ ನಿನಗಿದೆ.”

ಕೆನ್ನೆಗೆ ಬಾರಿಸಬೇಕಿತ್ತು. ಅತ್ತಿಗೆ ಎದ್ದು ನಿಂತು ನಕ್ಕಳು.

“ಕುದುರೆ ಸಾಧು ತಾನೇ ಸಾಹುಕಾರ್ರೇ? ನಾನೇ ಹತ್ತಿರ ಹೋಗಿ ಕಟ್ಟಬೇಕಲ್ಲ.”

“ಹಸುಗೂಸು ಅದು!”

“ಹಾಗಾದ್ರೆ ನಾಳೆ ಮೈಕಲ್ಲೂ ಅದನ್ನೇ ಹೇಳಿ. ಜನಕ್ಕೆ ಗೊತ್ತಾಗಲಿ.”

ಅವನು ಉಬ್ಬಿಹೋಗಿ ಹೊರಟ. ನಾದಿನಿ ಉಗುಳಿದ ಹಾಗೆ ಹೇಳಿದಳು: “ಇನ್ನು ಮೇಲೆ ಅಣ್ಣನಿಗೆ ನೀವು ಊಟ ಬಡಿಸೋದು ಬೇಡ. ಅವನನ್ನ ನಾನು ನೋಡ್ಕೋತೀನಿ. ನೀವು ಕುದುರೆ ನೋಡ್ಕೊಳ್ಳಿ.” ಬಾಗಿಲು ದಢಾರನೆ ಬಡಿದುಕೊಂಡಿತು.

ಮರುದಿನ ಕಂದು ಕುದುರೆಯೇ ಗೆದ್ದಿತು. ಗೆಲ್ಲದೆ ಏನು, ಪಳಗಿಸಿದ ಕೈ ಅಂಥದ್ದು. ನಾದಿನಿ ಬೇಲಿಯ ಪಕ್ಕ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅತ್ತಿಗೆಯ ಮುಖ ನೋಡುವುದು ಇದೇ ಕೊನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿಯಾಗಿತ್ತು. ಮುಂದಿನ ಸಾಲಿನಲ್ಲಿ ಇಡೀ ಕಮಿಟಿ ಕಾಲ ಮೇಲೆ ಕಾಲು ಹಾಕಿ ಕೂತಿತ್ತು.

ಸಾಹುಕಾರ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಮೈಕು ಹಿಡಿದು ನಿಂತ. “ನನ್ನ ಕುದುರೆ ಮಗು ಇದ್ದ ಹಾಗೆ. ಇವತ್ತಿನವರೆಗೂ ಯಾರ ಮೇಲೂ ಕಾಲೆತ್ತಿಲ್ಲ.” ಚಪ್ಪಾಳೆ ಬಿತ್ತು.

ಅತ್ತಿಗೆ ರಿಬ್ಬನ್ ಹಿಡಿದು ಬಂದಳು. ಕುದುರೆಯ ಕಿವಿಯ ಬಳಿ ನಿಲ್ಲಲಿಲ್ಲ. ಕುತ್ತಿಗೆ ದಾಟಿದಳು, ಹೊಟ್ಟೆ ದಾಟಿದಳು. ಹಿಂಗಾಲುಗಳ ಹಿಂದೆ ಹೋಗಿ, ಬಾಲಕ್ಕೆ ಕೈ ಹಾಕಿ ಬಗ್ಗಿದಳು. ಕುದುರೆ ಎರಡೂ ಕಿವಿಗಳನ್ನು ತಲೆಗೆ ಅಂಟಿಸಿಕೊಂಡಿತು.

“ಅಯ್ಯೋ, ಹಿಂದೆ ಹೋಗ್ಬೇಡಮ್ಮಾ!” ಸಾಹುಕಾರ ಮೈಕಿನಲ್ಲೇ ಕಿರುಚಿದ. “ನಿನ್ನ ಗಂಡನಿಗೆ ಒದ್ದ ಹಾಗೇ ಒದ್ದುಬಿಡುತ್ತೆ!”