ಗಾಜಿನ ಮೇಲೆ ಎರಡು ಚುಕ್ಕೆ

ಮನುಷ್ಯರ ಜೀವಕೋಶದೊಳಗಿನ ಎಳೆಗಳು ಸಡಿಲವಾಗಿ, ನಿಂತವರು ನಿಂತಲ್ಲೇ ನೆನೆದ ಮಣ್ಣಿನ ಗೋಡೆಯಂತೆ ಕುಸಿಯತೊಡಗಿದ ಮೇಲೆ, ಬೆಳಗಿನ ಗಂಜಿಗೆ ಮುಂಚೆ ಉಗುಳು ನೋಡುವುದು ಊರೂರಲ್ಲೂ ರೂಢಿಯಾಗಿತ್ತು. ಗಾಜಿನ ಬಿಲ್ಲೆಗೆ ಉಗುಳು ಸವರಿ, ಕುರಿಯ ರಕ್ತದಿಂದ ತೆಗೆದ ಆಂಟಿಬಾಡಿ ಔಷಧಿಯನ್ನು ಒಂದು ಹನಿ ಬಿಡಬೇಕು. ಎಳೆ ಗಟ್ಟಿಯಿದ್ದರೆ ಹಸಿರಾಗಿ ಹೊಳೆಯುತ್ತದೆ. ಹೊಳೆಯದವರು ಮುಂದಿನ ಅಮಾವಾಸ್ಯೆ ಕಂಡದ್ದಿಲ್ಲ.

ಅಂದು ಪಾಲಯ್ಯನ ಉಗುಳು ಹೊಳೆಯಲಿಲ್ಲ. ಅವನ ಹೆಂಡತಿ ಓಬಕ್ಕ ಬಿಲ್ಲೆಯನ್ನು ಕತ್ತಲ ಮೂಲೆಗೆ ಒಯ್ದು ನೋಡಿದಳು. ಅಲ್ಲೂ ಕಪ್ಪೇ.

"ಯಾಕಮ್ಮಿ, ನನ್ನ ಎಲಡಿಕೆ ನಾತಕ್ಕೆ ಔಷಧಿ ಹೆದರ್ಕಂಡೈತಾ?" ಜಗಲಿಯಿಂದ ಪಾಲಯ್ಯ ನಕ್ಕ.

"ಸುಮ್ಕಿರಿ. ರಾತ್ರಿ ಕರೆಂಟ್ ಹೋಗಿತ್ತು. ಫ್ರಿಜ್ಜಿನಾಗೆ ಔಷಧಿ ಕೆಟ್ಟಿರ್ಬೇಕು."

ಔಷಧಿ ಕೆಟ್ಟಿದ್ದರೆ ಯಾರ ಉಗುಳೂ ಹೊಳೆಯದು. ಓಬಕ್ಕ ಅದೇ ಬಿಲ್ಲೆಯ ಇನ್ನೊಂದು ತುದಿಗೆ ತನ್ನ ಉಗುಳು ಸವರಿ ಹನಿ ಬಿಟ್ಟಳು. ದಿನಾ ತನ್ನದು ಹೊಳೆಯಲೆಂದು ಬೇಡುತ್ತಿದ್ದವಳು, ಇವತ್ತೊಂದು ದಿನ ಹೊಳೆಯದಿರಲಪ್ಪಾ ಎಂದು ಮನೆದೇವರಿಗೆ ಕೈಮುಗಿದಳು.

ಚುಕ್ಕೆ ಮೊದಲು ಮಂಕಾಗಿಯೇ ಇತ್ತು. ಅವಳ ಉಸಿರು ಇನ್ನೇನು ಹಗುರಾಗಬೇಕು, ಅಷ್ಟರಲ್ಲಿ ಅಂಚು ಹಸಿರಾಯಿತು. ನೋಡನೋಡುತ್ತ ಪೈರಿನ ಸುಳಿಯಂತೆ ತುಂಬಿ ಹೊಳೆಯಿತು. ಅವಳು ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಕೆಟ್ಟೈತೇನು?" ಪಾಲಯ್ಯ ಬಾಗಿಲಿಗೆ ಬಂದು ನಿಂತಿದ್ದ.

"ಹೂಂ, ಕೆಟ್ಟೈತೆ."

ಅವಳ ಬೆರಳ ಸಂದಿಯಿಂದ ಸೋರುತ್ತಿದ್ದ ಹಸಿರು ಬೆಳಕನ್ನು ಅವನು ಸ್ವಲ್ಪ ಹೊತ್ತು ನೋಡಿದ.

"ಆಗ್ಲಿ ಬಿಡು, ಗಂಜಿ ಹಾಕು," ಎಂದು, ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮೆಲ್ಲಗೆ ಕೂತ.